ಕ್ಯಾಮೆರಾ ಅಂಗಡಿಯಿಂದ ಚಂದ್ರಲೋಕದವರೆಗೆ



ಊರಿಗೆ ಹೋದಾಗ "ನೀವಿರುವ ಊರಿನಲ್ಲಿ ಏನು ವಿಶೇಷ?" ಎಂದು ಯಾರಾದರೂ ಕೇಳಿದರೆ ಮೋಲ್ನ್‌ಡಾಲ್‌ನ ನಾವು ಸ್ವಲ್ಪ ತಡವರಿಸುವುದುಂಟು. ಸ್ಟಾಕ್‌ಹೋಮ್‌ನವರಿಗೆ ನೊಬೆಲ್ ಬಹುಮಾನ ಇದೆ, ಉಪ್ಸಾಲದವರಿಗೆ ಹಳೆಯ ವಿಶ್ವವಿದ್ಯಾಲಯ ಇದೆ. ನಮಗೇನಿದೆ? ಮೋಲ್ನ್‌ಡಾಲ್ ಎಂದರೆ ಗಿರಣಿಗಳ ಕಣಿವೆ ಎಂದರ್ಥ. ಕ್ವಾರ್ನ್‌ಬಿನ್ ಕಡೆಗೆ ನಡೆದರೆ ನದಿಯ ನೀರು ಧುಮ್ಮಿಕ್ಕುವ ಜಾಗದಲ್ಲಿ ಹಳೆಯ ಗಿರಣಿಗಳ ಇಟ್ಟಿಗೆ ಕಟ್ಟಡಗಳು ಈಗಲೂ ನಿಂತಿವೆ. 1895ರಲ್ಲಿ ಹುಟ್ಟಿದ ಪಾಪಿರಸ್ ಕಾಗದ ಕಾರ್ಖಾನೆ ಶತಮಾನ ದಾಟಿ ದುಡಿದು 2006ರಲ್ಲಿ ಬಾಗಿಲು ಮುಚ್ಚಿತು. ನಮ್ಮಲ್ಲಿ ಹಲವರಿಗೆ ಅನ್ನ ಕೊಡುತ್ತಿರುವ ಔಷಧ ಸಂಶೋಧನಾ ಸಂಸ್ಥೆ ಇದೆ. ಹದಿನೆಂಟನೆಯ ಶತಮಾನದ ಗುನ್ನೆಬೋ ಅರಮನೆ ಇದೆ. ಇಷ್ಟು ಹೇಳಿ ಮುಗಿಸುತ್ತೇವೆ.

ಆದರೆ ಇಲ್ಲಿಂದ ಟ್ರಾಮ್ ಹತ್ತಿದರೆ ಅರ್ಧ ಗಂಟೆಯೊಳಗೆ ಸಿಗುವ ಗೋಥೆನ್‌ಬರ್ಗ್ ನಗರದಲ್ಲಿ ಒಂದು ಕಥೆ ಇದೆ. ಚಂದ್ರನ ಮೇಲೆ ಮನುಷ್ಯ ತೆಗೆದ ಚಿತ್ರಗಳನ್ನು ನಾವೆಲ್ಲ ಶಾಲೆಯ ಪುಸ್ತಕಗಳಲ್ಲಿ, ವಾರಪತ್ರಿಕೆಗಳಲ್ಲಿ ನೋಡಿದ್ದೇವಷ್ಟೆ. ಆ ಚಿತ್ರಗಳನ್ನು ತೆಗೆದ ಕ್ಯಾಮೆರಾ ನಮ್ಮ ಈ ನೆರೆಯೂರಿನದು. ಅದು ಹುಟ್ಟಿದ್ದು ಯಾವುದೋ ದೊಡ್ಡ ಪ್ರಯೋಗಾಲಯದಲ್ಲಿ ಅಲ್ಲ. ಅದರ ಬೇರು ಇರುವುದು ಒಂದು ಸಾಧಾರಣ ಕ್ಯಾಮೆರಾ ಅಂಗಡಿಯಲ್ಲಿ. ರೀಲು ಹಾಕುವ ಹಳೆಯ ಕ್ಯಾಮೆರಾಗಳ ಹುಚ್ಚಿರುವ ನಾನು ಶನಿವಾರ ಸಮಯ ಸಿಕ್ಕರೆ ಅಂಗಡಿಗಳನ್ನು ಸುತ್ತುವವನು. ಹಾಗೆ ಸುತ್ತುತ್ತಾ ತಿಳಿದುಕೊಂಡ ಈ ಚರಿತ್ರೆಯನ್ನು ತಮ್ಮೊಡನೆ ಹಂಚಿಕೊಳ್ಳುವ ಆಸೆಯಿಂದ ಬರೆಯುತ್ತಿದ್ದೇನೆ.

ಅಂಗಡಿಯೇ ಇಲ್ಲದ ಕಾಲ

ಮೊದಲು ನಮ್ಮ ನಾಡಿನಿಂದಲೇ ಆರಂಭಿಸೋಣ. ಕನ್ನಡ ನಾಡಿನಲ್ಲಿ ಛಾಯಾಗ್ರಹಣ ಬಹಳ ಹಳೆಯದು. ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಕೊನೆಯಲ್ಲೇ ಬೇಲೂರು, ಹಳೇಬೀಡು ದೇವಾಲಯಗಳ ಚಿತ್ರ ತೆಗೆದ. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೇನಾಧಿಕಾರಿ 1856ರ ಸುಮಾರಿಗೆ ಹಂಪಿಯ ಅವಶೇಷಗಳನ್ನೆಲ್ಲ ಸುತ್ತಿ, ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಇಂದಿಗೂ ಹಂಪಿಯ ಚರಿತ್ರೆ ಬರೆಯುವವರಿಗೆ ಆ ಚಿತ್ರಗಳು ಆಧಾರ. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಯಾವ ಗೋಪುರ ಉಳಿಯಿತು, ಯಾವ ಕಂಬ ಉರುಳಿತು ಎಂದು ಕಣ್ಣಿಗೆ ಕಾಣುತ್ತದೆ. ನೆಗೆಟಿವ್ ಉಳಿದದ್ದರಿಂದ ಇದು ಸಾಧ್ಯವಾಯಿತು ಎಂಬುದನ್ನು ದಯವಿಟ್ಟು ನೆನಪಿಡಿ. ಈ ಮಾತಿಗೆ ಮತ್ತೆ ಬರುತ್ತೇನೆ.

ಆ ಕಾಲದಲ್ಲಿ ಚಿತ್ರ ತೆಗೆಯುವವನಿಗೆ ಅಂಗಡಿಯ ಸೌಕರ್ಯ ಇರಲಿಲ್ಲ. ಕಾಗದಕ್ಕೆ ಬೆಳ್ಳಿಯ ಲವಣ ಹಚ್ಚುವುದು, ಕತ್ತಲ ಡೇರೆಯಲ್ಲಿ ತೊಳೆಯುವುದು, ಒಣಗಿಸುವುದು ಎಲ್ಲವನ್ನೂ ಆತನೇ ಮಾಡಿಕೊಳ್ಳಬೇಕು. ಎತ್ತಿನ ಗಾಡಿಯಲ್ಲಿ ಸೀಸೆಗಳನ್ನು ಹೇರಿಕೊಂಡು ತಿರುಗಬೇಕು. ಹಾಗಾಗಿ ಅದು ಅಧಿಕಾರಿಗಳ, ಅರಸರ, ಶ್ರೀಮಂತರ ವಿದ್ಯೆಯಾಗಿಯೇ ಉಳಿಯಿತು.

ಈ ಕಷ್ಟ ಬಗೆಹರಿಸಿದವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. 1888ರಲ್ಲಿ ಆತ ಮಾರುಕಟ್ಟೆಗೆ ತಂದ ಕೊಡಾಕ್ ಕ್ಯಾಮೆರಾದ ಬೆಲೆ 25 ಡಾಲರ್. ಅದರೊಳಗೆ 100 ಚಿತ್ರಗಳಿಗಾಗುವ ಸುರುಳಿ ಇತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು. ಹತ್ತು ಡಾಲರ್ ಪಡೆದು ಚಿತ್ರಗಳನ್ನು ಅಚ್ಚು ಹಾಕಿ, ಹೊಸ ಸುರುಳಿ ತುಂಬಿ ಹಿಂತಿರುಗಿಸುತ್ತಿದ್ದರು. "ನೀವು ಗುಂಡಿ ಒತ್ತಿ, ಉಳಿದದ್ದು ನಮಗೆ ಬಿಡಿ" ಎಂಬುದು ಅವರ ಜಾಹೀರಾತು. ಆ "ಉಳಿದದ್ದು" ಎಂಬ ಒಂದೇ ಮಾತಿನಲ್ಲಿ ಕ್ಯಾಮೆರಾ ಅಂಗಡಿಯ ಹುಟ್ಟಿದೆ. ಗುಂಡಿ ಒತ್ತುವವನಿಗೂ ಚಿತ್ರಕ್ಕೂ ನಡುವೆ ಇನ್ನೊಬ್ಬ ಮನುಷ್ಯ, ಒಂದು ಕೌಂಟರ್, ಒಂದು ರಸೀದಿ ಬಂದವು.

ಗೋಥೆನ್‌ಬರ್ಗ್‌ನ ವ್ಯಾಪಾರಿಗಳು

ಗೋಥೆನ್‌ಬರ್ಗ್ ಬಂದರು ಊರು, ವ್ಯಾಪಾರಿಗಳ ಊರು. 1841ರಲ್ಲಿ ಇಲ್ಲಿ ಫ್ರಿಟ್ಸ್ ವಿಕ್ಟರ್ ಹಾಸೆಲ್‌ಬ್ಲಾಡ್ ಎಂಬುವವನು ತನ್ನ ಹೆಸರಿನ ಆಮದು ಕಂಪನಿ ತೆರೆದ. ಅವನ ಮಗ ಆರ್ವಿಡ್ ವಿಕ್ಟರನಿಗೆ ಛಾಯಾಗ್ರಹಣದ ಹವ್ಯಾಸ. ಕಂಪನಿಯೊಳಗೆ ಒಂದು ಛಾಯಾಗ್ರಹಣ ವಿಭಾಗವನ್ನೂ ಆತ ತೆರೆದ. ಆಗ ಆತ ಹೇಳಿದನೆನ್ನಲಾದ ಮಾತು ಈ ಊರಿನಲ್ಲಿ ಪ್ರಸಿದ್ಧ: ಇದರಿಂದ ನಮಗೆ ಹೆಚ್ಚು ಲಾಭವೇನೂ ಬರಲಾರದು, ಆದರೆ ಪುಕ್ಕಟೆಯಾಗಿ ಚಿತ್ರ ತೆಗೆಯಬಹುದಲ್ಲ! ಹವ್ಯಾಸವಿರುವ ಯಾವ ಗಂಡಸು ಹೆಂಡತಿಗೆ ಈ ಸಬೂಬು ಹೇಳಿಲ್ಲ, ಹೇಳಿ?

ಆರ್ವಿಡ್ ಮದುವೆಯಾಗಿ ಪ್ರವಾಸ ಹೋಗಿದ್ದಾಗ ಈಸ್ಟ್‌ಮನ್‌ನ ಪರಿಚಯವಾಯಿತಂತೆ. 1888ರಿಂದ ಈಸ್ಟ್‌ಮನ್‌ನ ಸರಕನ್ನು ಸ್ವೀಡನ್ನಿನಲ್ಲಿ ಮಾರುವ ಏಕಮಾತ್ರ ಹಕ್ಕು ಹಾಸೆಲ್‌ಬ್ಲಾಡ್ ಮನೆತನಕ್ಕೆ ಸಿಕ್ಕಿತು. ವ್ಯಾಪಾರ ಎಷ್ಟು ಬೆಳೆಯಿತೆಂದರೆ 1908ರಲ್ಲಿ ಅದಕ್ಕೇ ಬೇರೆ ಕಂಪನಿ ಮಾಡಬೇಕಾಯಿತು. ದೇಶದ ಉದ್ದಗಲಕ್ಕೂ ಅವರ ಅಂಗಡಿಗಳೂ ಫಿಲ್ಮ್ ತೊಳೆಯುವ ಲ್ಯಾಬ್‌ಗಳೂ ಹರಡಿದವು.

ಈ ಮನೆತನದಲ್ಲಿ 1906ರ ಮಾರ್ಚ್ 8ರಂದು ಹುಟ್ಟಿದವನು ವಿಕ್ಟರ್ ಹಾಸೆಲ್‌ಬ್ಲಾಡ್, ಆರ್ವಿಡ್‌ನ ಮೊಮ್ಮಗ. ಮಗ ವ್ಯಾಪಾರವನ್ನು ಬುಡದಿಂದ ಕಲಿಯಲಿ ಎಂದು ತಂದೆ ಕಾರ್ಲ್ ಎರಿಕ್ ಅವನನ್ನು ಹದಿನೆಂಟನೆಯ ವಯಸ್ಸಿನಲ್ಲಿ ಜರ್ಮನಿಯ ಡ್ರೆಸ್ಡೆನ್‌ಗೆ ಕಳಿಸಿದ. ಆಗ ಮಸೂರ, ಕ್ಯಾಮೆರಾಗಳಿಗೆಲ್ಲ ಡ್ರೆಸ್ಡೆನ್ ರಾಜಧಾನಿ. ಮುಂದೆ ಅಮೆರಿಕದ ರಾಚೆಸ್ಟರ್‌ಗೆ ಹೋಗಿ ಈಸ್ಟ್‌ಮನ್‌ನ ಕಾರ್ಖಾನೆಯಲ್ಲೂ ಕೆಲಸ ಕಲಿತ. ಆದರೆ ವಿಕ್ಟರನ ನಿಜವಾದ ಪ್ರೀತಿ ಹಕ್ಕಿಗಳ ಮೇಲೆ. ವಲಸೆ ಹಕ್ಕಿಗಳ ಬಗ್ಗೆ 1935ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಹಾರುವ ಹಕ್ಕಿಯನ್ನು ಹಿಡಿಯಲು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಆದರೆ ದೊಡ್ಡ ನೆಗೆಟಿವ್ ಕೊಡುವ, ಬೇಗ ಬೇಗ ಚಿತ್ರ ತೆಗೆಯಬಲ್ಲ ಕ್ಯಾಮೆರಾ ಬೇಕು. ಅಂಥದು ಪೇಟೆಯಲ್ಲಿ ಇರಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಪೂರ್ಣಚಂದ್ರ ತೇಜಸ್ವಿಯವರ ನೆನಪಾಗುತ್ತದೆ. ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಾಗಿ ಗಂಟೆಗಟ್ಟಲೆ ಕಾದು ಕುಳಿತ ಅವರಿಗೂ, ಸ್ವೀಡನ್ನಿನ ಕಡಲ ತೀರದಲ್ಲಿ ಬಾತುಗಳಿಗಾಗಿ ಕಾದು ಕುಳಿತ ವಿಕ್ಟರನಿಗೂ ಜಾತಿ ಒಂದೇ! ಹವ್ಯಾಸ ಇರುವವನಿಗೆ ಮಾತ್ರ ಸಾಧನದ ಕೊರತೆ ನಿಜವಾಗಿ ತಿಳಿಯುತ್ತದೆ.

ತಂದೆಗೂ ಮಗನಿಗೂ ಸರಿಹೋಗಲಿಲ್ಲ. 1937ರಲ್ಲಿ ವಿಕ್ಟರ್ ಮನೆತನದ ಕಂಪನಿ ಬಿಟ್ಟು ಹೊರಗೆ ಬಂದು, ಗೋಥೆನ್‌ಬರ್ಗ್‌ನ ನಡುಪೇಟೆಯಲ್ಲಿ "ವಿಕ್ಟರ್ ಫೋಟೋ" ಎಂಬ ಸ್ವಂತ ಅಂಗಡಿ ತೆರೆದ. ಮುಂದೆ ಕ್ಯಾಮೆರಾ ಮಾರಾಟ, ಹಿಂದೆ ಲ್ಯಾಬ್. ನಮ್ಮ ತಾಲ್ಲೂಕು ಊರುಗಳಲ್ಲಿ ಇರುತ್ತಿದ್ದಂಥದೇ ಅಂಗಡಿ ಎನ್ನಿ. ದೊಡ್ಡ ಮನೆತನದ ಹುಡುಗ ಕೌಂಟರ್ ಹಿಂದೆ ನಿಂತ. ಯಾವ ಕ್ಯಾಮೆರಾ ಏಕೆ ಕೆಡುತ್ತದೆ, ಗಿರಾಕಿ ಏನು ಬಯ್ಯುತ್ತಾನೆ ಎಂಬ ಜ್ಞಾನ ಕೌಂಟರ್ ಹಿಂದೆ ನಿಂತವನಿಗೆ ಸಿಗುವಷ್ಟು ಬೇರೆ ಯಾರಿಗೂ ಸಿಗುವುದಿಲ್ಲ.

"ಅಂಥದ್ದಲ್ಲ, ಅದಕ್ಕಿಂತ ಒಳ್ಳೆಯದು"

ಎರಡನೆಯ ಮಹಾಯುದ್ಧ ಬಂತು. ಸ್ವೀಡನ್ ತಟಸ್ಥವಾಗಿದ್ದರೂ ಎಚ್ಚರದಿಂದಿತ್ತು. 1940ರಲ್ಲಿ ನೆಲಕ್ಕೆ ಬಿದ್ದ ಜರ್ಮನ್ ವಿಮಾನವೊಂದರಲ್ಲಿ ಗೂಢಚರ್ಯೆಯ ಕ್ಯಾಮೆರಾ ಸಿಕ್ಕಿತು. ವಾಯುಪಡೆಯವರು ಅದನ್ನು ವಿಕ್ಟರನಿಗೆ ತೋರಿಸಿ, ಇಂಥದ್ದನ್ನು ಮಾಡಿಕೊಡಬಲ್ಲೆಯಾ ಎಂದು ಕೇಳಿದರು. ಆತನ ಉತ್ತರ ಈಗ ದಂತಕತೆ: ಇಂಥದ್ದನ್ನಲ್ಲ, ಆದರೆ ಇದಕ್ಕಿಂತ ಒಳ್ಳೆಯದನ್ನು ಮಾಡಬಲ್ಲೆ.

ಕಾರ್ಖಾನೆ ಎಲ್ಲಿತ್ತು? ಒಂದು ಮೋಟಾರು ರಿಪೇರಿ ಅಂಗಡಿಯ ಪಕ್ಕದ ಶೆಡ್ಡಿನಲ್ಲಿ! ಒಬ್ಬ ಮೆಕ್ಯಾನಿಕ್ ಮತ್ತು ಅವನ ತಮ್ಮನ ಜೊತೆ ಸಂಜೆ ಹೊತ್ತು ಕೆಲಸ. ಹೀಗೆ ತಯಾರಾದದ್ದು ಎಚ್‌ಕೆ-7 ಎಂಬ ವಿಮಾನದ ಕ್ಯಾಮೆರಾ. 1941ರಿಂದ 1945ರವರೆಗೆ ಸೇನೆಗೆ 342 ಕ್ಯಾಮೆರಾಗಳನ್ನು ಒದಗಿಸಿದರು. ಗಡಿಯಾರದ ಬಿಡಿಭಾಗಗಳನ್ನೂ ಸಾವಿರಗಟ್ಟಲೆ ಮಾಡಿದರು. ಸೂಕ್ಷ್ಮ ಕೆಲಸದಲ್ಲಿ ಕೈ ಪಳಗಿತು. 1942ರಲ್ಲಿ ತಂದೆ ತೀರಿಕೊಂಡ ಮೇಲೆ ಮನೆತನದ ಕಂಪನಿಯೂ ವಿಕ್ಟರನ ಕೈಗೆ ಬಂತು.

ಆದರೆ ಆತನ ಮನಸ್ಸು ಇದ್ದದ್ದು ಯುದ್ಧದ ಕ್ಯಾಮೆರಾದಲ್ಲಲ್ಲ, ಹಕ್ಕಿಯ ಕ್ಯಾಮೆರಾದಲ್ಲಿ. ಸಾಬ್ ಕಾರಿಗೆ ರೂಪ ಕೊಟ್ಟ ಸಿಕ್ಸ್ಟೆನ್ ಸಾಸೋನ್ ಎಂಬ ವಿನ್ಯಾಸಕಾರನಿಂದ ಹೊರರೂಪ ಮಾಡಿಸಿ, 1948ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ಮೊದಲ ಹಾಸೆಲ್‌ಬ್ಲಾಡ್ ಕ್ಯಾಮೆರಾವನ್ನು ಪ್ರಪಂಚಕ್ಕೆ ತೋರಿಸಿದ. ಮುಂದೆ ಲೆನ್ಸ್, ಹಿಂದೆ ಫಿಲ್ಮ್ ಡಬ್ಬಿ, ಮೇಲೆ ನೋಡುವ ಕಿಂಡಿ. ಎಲ್ಲವನ್ನೂ ಕಳಚಬಹುದು, ಬದಲಿಸಬಹುದು. ಅರ್ಧ ರೀಲು ಮುಗಿದಿದ್ದಾಗಲೂ ಡಬ್ಬಿ ಕಳಚಿ ಇನ್ನೊಂದು ಬಗೆಯ ಫಿಲ್ಮ್ ಹಾಕಬಹುದು. ಆಗ ಇದು ದೊಡ್ಡ ಸಂಗತಿ.

ಮೊದಲ ಮಾದರಿಯ ಷಟರ್ ತುಂಬ ನಾಜೂಕು, ಬೇಗ ಕೆಡುತ್ತಿತ್ತು. ತಿದ್ದಿ ತಿದ್ದಿ 1957ರಲ್ಲಿ ತಂದ 500 ಸಿ ಎಂಬ ಮಾದರಿಯಲ್ಲಿ ಷಟರ್ ಅನ್ನು ಕ್ಯಾಮೆರಾದಿಂದ ತೆಗೆದು ಲೆನ್ಸಿನೊಳಗೇ ಇಟ್ಟರು. ಅಲ್ಲಿಂದ ಮುಂದೆ ಹಿಂತಿರುಗಿ ನೋಡಲಿಲ್ಲ. ಮದುವೆ ಛಾಯಾಗ್ರಾಹಕರಿಂದ ಹಿಡಿದು ದೊಡ್ಡ ದೊಡ್ಡ ಕಲಾವಿದರವರೆಗೆ ಎಲ್ಲರೂ ಅದನ್ನೇ ಬಯಸಿದರು.

ಅಂಗಡಿಯಲ್ಲಿ ಕೊಂಡು ಆಕಾಶಕ್ಕೆ

ಇಲ್ಲಿಂದ ಮುಂದಿನ ಕಥೆಯಲ್ಲೂ ಅಂಗಡಿಯೇ ನಾಯಕ. 1962ರ ಫೆಬ್ರವರಿಯಲ್ಲಿ ಭೂಮಿಯನ್ನು ಸುತ್ತಿದ ಜಾನ್ ಗ್ಲೆನ್ ತನ್ನ ಜೊತೆ ಒಯ್ದದ್ದು ಫ್ಲಾರಿಡಾದ ಒಂದು ಔಷಧಿ ಅಂಗಡಿಯಲ್ಲಿ ಸುಮಾರು 40 ಡಾಲರಿಗೆ ಕೊಂಡ ಚಿಕ್ಕ ಕ್ಯಾಮೆರಾ. ಅದೇ ವರ್ಷ ವಾಲಿ ಶಿರ್ರಾ ಎಂಬ ಇನ್ನೊಬ್ಬ ಗಗನಯಾತ್ರಿ ಹ್ಯೂಸ್ಟನ್ನಿನ ಒಂದು ಕ್ಯಾಮೆರಾ ಅಂಗಡಿಗೆ ಹೋಗಿ ಹಾಸೆಲ್‌ಬ್ಲಾಡ್ 500 ಸಿ ಕೊಂಡ. ನಾಸಾದವರು ಅದರ ಚರ್ಮದ ಹೊದಿಕೆ ತೆಗೆದು, ಬೆಳಕು ಪ್ರತಿಫಲಿಸದಂತೆ ಕಪ್ಪು ಬಣ್ಣ ಬಳಿದು, ಹೆಚ್ಚು ಚಿತ್ರ ಹಿಡಿಸುವ ಡಬ್ಬಿ ಜೋಡಿಸಿದರು. 1962ರ ಅಕ್ಟೋಬರ್ 3ರಂದು ಶಿರ್ರಾ ಭೂಮಿಯನ್ನು ಆರು ಸುತ್ತು ಸುತ್ತುವಾಗ ಅದು ಅವನ ಕೈಯಲ್ಲಿತ್ತು.

ಆಮೇಲಿನದು ಎಲ್ಲರಿಗೂ ಗೊತ್ತು. 1966ರ ಜುಲೈನಲ್ಲಿ ಜೆಮಿನಿ-10ರ ಮೈಕೆಲ್ ಕಾಲಿನ್ಸ್ ನೌಕೆಯಿಂದ ಹೊರಬಂದಾಗ ಅವನ ಹಾಸೆಲ್‌ಬ್ಲಾಡ್ ಕೈಜಾರಿ ಅಂತರಿಕ್ಷದಲ್ಲೇ ತೇಲಿಹೋಯಿತು. 1968ರ ಡಿಸೆಂಬರ್ 24ರಂದು ಅಪೊಲೊ-8ರ ಬಿಲ್ ಆಂಡರ್ಸ್ ಚಂದ್ರನ ಅಂಚಿನಿಂದ ಭೂಮಿ ಮೂಡುವ ಚಿತ್ರ ತೆಗೆದದ್ದು ಇದೇ ಕಂಪನಿಯ ಕ್ಯಾಮೆರಾದಲ್ಲಿ. 1969ರ ಜುಲೈನಲ್ಲಿ ಅಪೊಲೊ-11 ಇಳಿದಾಗ ಚಂದ್ರನ ಮೇಲೆ ನಡೆದದ್ದೂ ಇದೇ. ಆ ಚಿತ್ರಗಳಲ್ಲಿ ಸಣ್ಣ ಸಣ್ಣ ಕೂಡಿಸುವ ಗುರುತುಗಳು ಕಾಣುತ್ತವಲ್ಲ, ಅವು ಫಿಲ್ಮಿನ ಮುಂದೆ ಇಟ್ಟಿದ್ದ ಗಾಜಿನ ಮೇಲೆ ಕೊರೆದ 25 ಗುರುತುಗಳು. ಅಳತೆ ತೆಗೆಯಲು ಅನುಕೂಲವಾಗಲಿ ಎಂದು ಹಾಕಿದ್ದು. ಕ್ಯಾಮೆರಾ ಹೆಚ್ಚಾಗಿ ಇದ್ದದ್ದು ನೀಲ್ ಆರ್ಮ್‌ಸ್ಟ್ರಾಂಗ್ ಕೈಯಲ್ಲಿ. ಅದಕ್ಕೇ ಚಂದ್ರನ ಮೇಲೆ ಮೊದಲು ಕಾಲಿಟ್ಟವನ ಒಳ್ಳೆಯ ಚಿತ್ರಗಳು ಬಹಳ ಕಡಿಮೆ. ನಮ್ಮ ಮನೆಗಳ ಆಲ್ಬಂಗಳಲ್ಲಿ ಫೋಟೋ ತೆಗೆಯುವ ಯಜಮಾನರು ಎಲ್ಲೂ ಕಾಣದ ಹಾಗೆ!

ಹಿಂದಿರುಗುವಾಗ ಒಂದೊಂದು ಕಿಲೋ ತೂಕವೂ ಲೆಕ್ಕ. ಕಲ್ಲು ತರಬೇಕು, ಕ್ಯಾಮೆರಾ ಬಿಡಬೇಕು. ಫಿಲ್ಮ್ ಡಬ್ಬಿಗಳನ್ನು ಮಾತ್ರ ಕಳಚಿ ತಂದರು. ಹೀಗೆ ನಮ್ಮ ನೆರೆಯೂರಿನ 12 ಕ್ಯಾಮೆರಾಗಳು ಈಗಲೂ ಚಂದ್ರನ ಮೇಲೆ ಬಿದ್ದಿವೆ. ಯಂತ್ರವನ್ನು ಬಿಟ್ಟು ನೆಗೆಟಿವ್ ಅನ್ನು ಕಾಪಾಡಿದರು ಎಂಬುದನ್ನು ಗಮನಿಸಿ. ಬೆಲೆ ಯಾವುದಕ್ಕೆ ಎಂದು ಅವರಿಗೆ ಗೊತ್ತಿತ್ತು.

ನಮ್ಮ ಕ್ಲಿಕ್-3, ನಮ್ಮ "ಇಂದು"

ಈಗ ಒಂದು ಮೋಜಿನ ಸಂಗತಿ. ಹಾಸೆಲ್‌ಬ್ಲಾಡ್‌ಗೆ ಸಾಮಾನ್ಯವಾಗಿ ಹಾಕುವ ಫಿಲ್ಮಿನ ಹೆಸರು 120. 1901ರಲ್ಲಿ ಕೊಡಾಕ್ ಕಂಪನಿ ತನ್ನ ಅಗ್ಗದ ಬ್ರೌನಿ ಡಬ್ಬಿಗಾಗಿ ತಂದ ಅಳತೆ ಅದು. ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರಗಳು. ನಮ್ಮ ಪೈಕಿ ಐವತ್ತು ದಾಟಿದವರು ನೆನಪು ಮಾಡಿಕೊಳ್ಳಿ: ಮನೆಯಲ್ಲಿ ಆಗ್ಫಾ ಕ್ಲಿಕ್-3 ಇತ್ತಲ್ಲವೇ? ಬರೋಡಾದಲ್ಲಿ ತಯಾರಾಗುತ್ತಿದ್ದ ಆ ಕಪ್ಪು ಡಬ್ಬಿಗೂ ಇದೇ 120 ರೀಲು, ಇದೇ ಹನ್ನೆರಡು ಚೌಕಗಳು. ಬಿಸಿಲಿಗೆ ಒಂದು, ಮೋಡಕ್ಕೆ ಒಂದು ಗುರುತು. ಜೋಗಕ್ಕೆ ಹೋದಾಗ, ಅಕ್ಕನ ಮದುವೆಯಲ್ಲಿ, ಮಗುವಿನ ನಾಮಕರಣದಲ್ಲಿ ಅದರ ಕಟಕ್ ಶಬ್ದ. ಸ್ವೀಡನ್ನಿನ ಅತಿ ದುಬಾರಿ ಕ್ಯಾಮೆರಾಕ್ಕೂ ನಮ್ಮ ಬಡ ಕ್ಲಿಕ್-3ಕ್ಕೂ ಒಂದೇ ರೀಲು! ಅಂಗಡಿಯವನು ಇಬ್ಬರಿಗೂ ಅದೇ ಡಬ್ಬಿಯಿಂದ ತೆಗೆದುಕೊಡಬಹುದಾಗಿತ್ತು.

ಭಾರತ ಸರ್ಕಾರ 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿಸಿತು. 1967ರಲ್ಲಿ ತಯಾರಿಕೆ ಶುರುವಾಯಿತು. ಅದರ ಫಿಲ್ಮಿನ ಹೆಸರು "ಇಂದು". ಕನ್ನಡಿಗರಿಗೆ ಈ ಹೆಸರಿನಲ್ಲಿ ಎರಡು ಅರ್ಥ ಕೇಳಿಸುತ್ತದೆ: ಒಂದು ಚಂದ್ರ, ಇನ್ನೊಂದು ಈ ದಿನ. ಹಾಸೆಲ್‌ಬ್ಲಾಡ್ ಚಂದ್ರನಲ್ಲಿಗೆ ಹೋಗುತ್ತಿದ್ದ ವರ್ಷಗಳಲ್ಲೇ ನೀಲಗಿರಿಯಲ್ಲಿ ಚಂದ್ರನ ಹೆಸರಿನ ಫಿಲ್ಮ್ ತಯಾರಾಗುತ್ತಿತ್ತು. ಆ ಕಾಲದಲ್ಲಿ ಹೊರದೇಶದ ಕ್ಯಾಮೆರಾಗಳಿಗೆ ಭಾರಿ ಸುಂಕ. ಪರದೇಶದಿಂದ ಬರುವ ಅಣ್ಣನೋ ಮಾವನೋ ಕ್ಯಾಮೆರಾ ತಂದರೆ ಸುಂಕದವರು ಪಾಸ್‌ಪೋರ್ಟಿನಲ್ಲಿ ಬರೆದು, ಹೋಗುವಾಗ ತೋರಿಸಿ ಎನ್ನುತ್ತಿದ್ದರು. ಇಂಥ ಬಿಗಿಯಲ್ಲೂ ಕನ್ನಡ ನಾಡು ದೊಡ್ಡ ಛಾಯಾಗ್ರಾಹಕರನ್ನು ಕೊಟ್ಟಿತು. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಕಾಡುಪ್ರಾಣಿಗಳ ಚಿತ್ರಗಳಿಗೆ ಲೋಕಪ್ರಸಿದ್ಧರಾದರು. ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪುಬಿಳುಪು ಚಿತ್ರಗಳನ್ನು ಈಗಲೂ ಜನ ನೆನೆಯುತ್ತಾರೆ. ಬೆಂಗಳೂರಿನಲ್ಲಿ 1910ರಲ್ಲಿ ಆರಂಭವಾದ ಜಿ.ಕೆ. ವೇಲ್, ಮಹಾತ್ಮ ಗಾಂಧಿ ರಸ್ತೆಯ ಜಿ.ಜಿ. ವೆಲ್ಲಿಂಗ್ ಮುಂತಾದ ಸ್ಟುಡಿಯೋಗಳಲ್ಲಿ ಎಷ್ಟು ತಲೆಮಾರಿನ ಮದುಮಕ್ಕಳು ಕುರ್ಚಿಯ ಪಕ್ಕ ನಿಂತು ಚಿತ್ರ ತೆಗೆಸಿಕೊಂಡರೋ!

ಬಾಗಿಲು ಮುಚ್ಚಿದ ಕಾಲ

ಆಮೇಲೆ ಡಿಜಿಟಲ್ ಬಂತು. ಮೊದಲು ಮೆಲ್ಲಗೆ, ಆಮೇಲೆ ಪ್ರವಾಹದಂತೆ. 2005ರಲ್ಲಿ ಜರ್ಮನಿಯ ಆಗ್ಫಾಫೋಟೋ ದಿವಾಳಿಯಾಯಿತು. ಕೊಡಾಕ್ರೋಮ್ ಎಂಬ ಪ್ರಸಿದ್ಧ ಸ್ಲೈಡ್ ಫಿಲ್ಮ್ ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದ ಕಾನ್ಸಾಸ್‌ನಲ್ಲಿ 2010ರ ಡಿಸೆಂಬರ್ 30ರ ನಂತರ ತೊಳೆಯಲು ಹೊಸ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. 2012ರಲ್ಲಿ ಸ್ವತಃ ಕೊಡಾಕ್ ಕಂಪನಿಯೇ ದಿವಾಳಿತನದ ರಕ್ಷಣೆ ಕೋರಿತು. ಊಟಿಯ ನಮ್ಮ "ಇಂದು" ನಿನ್ನೆಯಾಯಿತು. ಹಾಸೆಲ್‌ಬ್ಲಾಡ್ 2013ರಲ್ಲಿ ತನ್ನ ಕೊನೆಯ ಹಳೆಯ ಮಾದರಿಯ 503 ಸಿಡಬ್ಲ್ಯೂ ತಯಾರಿಕೆ ನಿಲ್ಲಿಸಿತು. 2015ರಲ್ಲಿ ಚೀನಾದ ಡ್ರೋನ್ ಕಂಪನಿ ಡಿಜೆಐ ಅದರಲ್ಲಿ ಪಾಲು ಕೊಂಡಿತು. ಕಂಪನಿ ಈಗಲೂ ಗೋಥೆನ್‌ಬರ್ಗ್‌ನಲ್ಲೇ ಇದೆ, ಮಾಡುವುದು ಡಿಜಿಟಲ್ ಕ್ಯಾಮೆರಾ.

ವಿಕ್ಟರ್ ಇದನ್ನೆಲ್ಲ ನೋಡಲು ಇರಲಿಲ್ಲ. 1976ರಲ್ಲೇ ಕಂಪನಿಯನ್ನು ಮಾರಿ, 1978ರ ಆಗಸ್ಟ್ 5ರಂದು ತೀರಿಕೊಂಡ. ಮಕ್ಕಳಿರಲಿಲ್ಲ. ತನ್ನ ಮತ್ತು ಹೆಂಡತಿ ಎರ್ನಾಳ ಹೆಸರಿನಲ್ಲಿ ಒಂದು ಪ್ರತಿಷ್ಠಾನಕ್ಕೆ ಆಸ್ತಿ ಬರೆದಿಟ್ಟಿದ್ದ. ಎರ್ನಾ ಕೂಡ ಕಂಪನಿಯ ಕೆಲಸದಲ್ಲಿ ಗಂಡನಿಗೆ ಹೆಗಲೆಣೆಯಾಗಿ ದುಡಿದವಳು. 1979ರಲ್ಲಿ ಸ್ಥಾಪನೆಯಾದ ಆ ಪ್ರತಿಷ್ಠಾನ 1980ರಿಂದ ಛಾಯಾಗ್ರಾಹಕರಿಗೆ ದೊಡ್ಡ ಪ್ರಶಸ್ತಿ ಕೊಡುತ್ತಿದೆ. 2022ರಲ್ಲಿ ಅದು ನಮ್ಮ ಭಾರತದ ದಯಾನಿತಾ ಸಿಂಗ್ ಅವರಿಗೆ ಬಂತು. ಪ್ರಶಸ್ತಿಯ ಮೊತ್ತ 20 ಲಕ್ಷ ಕ್ರೋನ. ಆಕೆ ಪ್ರಸಿದ್ಧರಾದದ್ದೂ ಹಾಸೆಲ್‌ಬ್ಲಾಡಿನಲ್ಲಿ ತೆಗೆದ ಕಪ್ಪುಬಿಳುಪು ಚೌಕ ಚಿತ್ರಗಳಿಂದಲೇ. ಯೊತಾಪ್ಲಾಟ್ಸೆನ್‌ನ ಕಲಾ ಸಂಗ್ರಹಾಲಯದಲ್ಲಿ ಹಾಸೆಲ್‌ಬ್ಲಾಡ್ ಸೆಂಟರ್ ಇದೆ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ.

ಅಂಗಡಿಗೆ ಹೋದಾಗ

ಸತ್ತೇ ಹೋಯಿತು ಎಂದುಕೊಂಡ ಫಿಲ್ಮ್ ಮತ್ತೆ ಚಿಗುರಿದೆ. 2012ರಲ್ಲಿ ನಿಲ್ಲಿಸಿದ ಎಕ್ಟಾಕ್ರೋಮ್ ಅನ್ನು ಕೊಡಾಕ್ 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ಇಲ್ಫರ್ಡ್, ಚೆಕ್ ದೇಶದ ಫೋಮಾ ಕಪ್ಪುಬಿಳುಪು ಫಿಲ್ಮ್ ಮಾಡುತ್ತಲೇ ಇವೆ. ಈಗ ಅಂಗಡಿಯಲ್ಲಿ ನನ್ನ ಪಕ್ಕ ಸಾಲಿನಲ್ಲಿ ನಿಲ್ಲುವವರು ಇಪ್ಪತ್ತರ ಹುಡುಗ ಹುಡುಗಿಯರು! ಬೆಲೆ ಮಾತ್ರ ಕೇಳಬೇಡಿ. ಹನ್ನೆರಡು ಚಿತ್ರದ ರೀಲು, ಅದನ್ನು ತೊಳೆಸುವ ಖರ್ಚು ಸೇರಿದರೆ ಗುಂಡಿ ಒತ್ತುವ ಮುನ್ನ ಎರಡು ಸಲ ಯೋಚಿಸುವ ಹಾಗಾಗುತ್ತದೆ. ಹಾಗೆ ಯೋಚಿಸುವುದೇ ಫಿಲ್ಮಿನ ಗುಣ ಎನ್ನಿ.

ಹಳೆಯ ಕ್ಯಾಮೆರಾ ಕೊಳ್ಳುವ ಆಸೆ ಇದ್ದವರಿಗೆ ನನ್ನ ಸಲಹೆ: ಅಂಗಡಿಗೇ ಹೋಗಿ, ಕೈಯಲ್ಲಿ ಹಿಡಿದು ನೋಡಿ. ಲೆನ್ಸನ್ನು ಬೆಳಕಿಗೆ ಹಿಡಿದಾಗ ಜೇಡರ ಬಲೆಯಂಥ ಗೆರೆಗಳು ಕಂಡರೆ ಅದು ಬೂಷ್ಟು. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದು ಸಾಮಾನ್ಯ. ನಿಧಾನ ವೇಗದಲ್ಲಿ ಷಟರ್ ಬಿಟ್ಟು ನೋಡಿ. ಒಂದು ಸೆಕೆಂಡ್ ಎಂದರೆ ಒಂದೇ ಸೆಕೆಂಡ್ ಆಗಬೇಕು. ಹಾಸೆಲ್‌ಬ್ಲಾಡ್ ಆದರೆ ಫಿಲ್ಮ್ ಡಬ್ಬಿಯ ಹೊರಕವಚದ ಸಂಖ್ಯೆಯ ಕೊನೆಯ ಮೂರು ಅಂಕಿಗಳೂ ಒಳಭಾಗದ ಅಂಕಿಗಳೂ ಒಂದೇ ಇರಬೇಕು. ಇಲ್ಲದಿದ್ದರೆ ಎರಡು ಡಬ್ಬಿಗಳ ಬೆರಕೆ ಎಂದರ್ಥ.

ಇನ್ನೊಂದು ಗುಟ್ಟು ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಹಳೆಯ ಹಾಸೆಲ್‌ಬ್ಲಾಡಿನ ಸಂಖ್ಯೆಯ ಮುಂದೆ ಎರಡು ಅಕ್ಷರಗಳಿರುತ್ತವೆ. ಅದು ತಯಾರಾದ ವರ್ಷದ ಸಂಕೇತ. "ವಿಎಚ್ ಪಿಕ್ಚರ್ಸ್" ಎಂಬ ಹತ್ತು ಇಂಗ್ಲಿಷ್ ಅಕ್ಷರಗಳೇ ಕೀಲಿಕೈ: ವಿ ಎಂದರೆ 1, ಎಚ್ 2, ಪಿ 3, ಐ 4, ಸಿ 5, ಟಿ 6, ಯು 7, ಆರ್ 8, ಇ 9, ಎಸ್ ಎಂದರೆ ಸೊನ್ನೆ. ಟಿ ಮತ್ತು ಎಚ್ ಎಂದಿದ್ದರೆ 62, ಅಂದರೆ 1962ರ ಕ್ಯಾಮೆರಾ. ಶಿರ್ರಾ ಆಕಾಶಕ್ಕೆ ಹೋದ ವರ್ಷದ್ದು!

ಇಷ್ಟೆಲ್ಲ ತಿಳಿವಳಿಕೆಯನ್ನು ನನಗೆ ಕೊಟ್ಟವರು ಕೌಂಟರ್ ಹಿಂದೆ ನಿಂತವರು. ತಂತಿಯ ಮೂಲಕ ತರಿಸಿಕೊಂಡರೆ ಎರಡು ಕಾಸು ಉಳಿಯಬಹುದು. ಆದರೆ ನೆಗೆಟಿವ್ ಅನ್ನು ದೀಪದ ಮೇಲಿಟ್ಟು "ಇಲ್ಲಿ ಬೆಳಕು ಕಡಿಮೆಯಾಯಿತು, ಮುಂದಿನ ಸಲ ಹೀಗೆ ಮಾಡಿ" ಎಂದು ಹೇಳುವವರು ಸಿಗುವುದಿಲ್ಲ. ವಿಕ್ಟರನ ಅಂಗಡಿಯಲ್ಲಿ ಬೆಳೆದದ್ದು ಇಂಥ ಮಾತುಕತೆಯೇ ಇರಬೇಕು.

ನಮ್ಮ ಪೆಟ್ಟಿಗೆಗಳಲ್ಲಿ ಇರುವುದೇನು?

ಇಷ್ಟು ದೂರ ಓದಿದ ತಮಗೆ ನನ್ನದೊಂದು ಕಳಕಳಿಯ ಬಿನ್ನಹ. ಗ್ರೀನ್‌ಲಾನ ಕಾಗದದ ನೆಗೆಟಿವ್ ಉಳಿದದ್ದರಿಂದ ನಮಗೆ ಹಂಪಿಯ ಹಳೆಯ ರೂಪ ಸಿಕ್ಕಿತು. ಚಂದ್ರನಿಂದ ಬಂದದ್ದು ನೆಗೆಟಿವ್ ಮತ್ತು ಸ್ಲೈಡ್. ಹಾಗಾದರೆ ನಮ್ಮವು? ಊರಿನ ಸ್ಟುಡಿಯೋಗಳು ಮುಚ್ಚಿದಾಗ ದಶಕಗಳ ನೆಗೆಟಿವ್‌ಗಳು ರದ್ದಿಗೆ ಹೋದ ಸುದ್ದಿ ಕೇಳಿದ್ದೇವೆ. ಅವುಗಳ ಜೊತೆ ಒಂದು ಊರಿನ ಮುಖಗಳೇ ಹೋದವು. ಇಲ್ಲಿಗೆ ಮೊದಲು ಬಂದ ನಮ್ಮ ಹಿರಿಯರು ಹಿಮದಲ್ಲಿ ಸೀರೆ ಉಟ್ಟು ನಿಂತ ಚಿತ್ರಗಳು, ಬಾಡಿಗೆ ಮನೆಯಲ್ಲಿ ಮಾಡಿದ ಮೊದಲ ಗಣೇಶನ ಹಬ್ಬ, ನಾಲ್ಕೇ ಸಂಸಾರ ಸೇರಿದ ಮೊದಲ ಯುಗಾದಿ, ಇವು ಯಾವ ಸರ್ಕಾರಿ ಕಡತದಲ್ಲೂ ಇಲ್ಲ. ನಮ್ಮ ನೆಲಮಾಳಿಗೆಯ ಪೆಟ್ಟಿಗೆಗಳಲ್ಲಿ ಮಾತ್ರ ಇವೆ. ಅಲ್ಲಿನ ತೇವದಲ್ಲಿ ಅವು ದಿನದಿನಕ್ಕೂ ಹಾಳಾಗುತ್ತಿವೆ. ಬಣ್ಣದ ಚಿತ್ರಗಳಂತೂ ತಾವಾಗಿಯೇ ಕೆಂಪಗೆ ತಿರುಗುತ್ತವೆ. ಬೆಳ್ಳಿಯಿಂದಾದ ಕಪ್ಪುಬಿಳುಪು ಚಿತ್ರ ಮಾತ್ರ ಹೆಚ್ಚು ಕಾಲ ಬಾಳುತ್ತದೆ.

ಆದ್ದರಿಂದ ಮಾಡಬೇಕಾದದ್ದು ಇಷ್ಟೇ. ನೆಗೆಟಿವ್‌ಗಳನ್ನು ನೆಲಮಾಳಿಗೆಯಿಂದಲೂ ಅಟ್ಟದಿಂದಲೂ ತೆಗೆದು, ಒಣ, ತಂಪು ಕೋಣೆಯ ಬೀರುವಿನಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಆಮ್ಲರಹಿತ ಕಾಗದದ ಲಕೋಟೆ ಸಾಕು. ಅಂಟು ಹಾಳೆಯ ಆಲ್ಬಂನಲ್ಲಿರುವ ಚಿತ್ರಗಳನ್ನು ಮೆಲ್ಲಗೆ ಬಿಡಿಸಿ. ಚಿತ್ರದ ಹಿಂದೆ ಮೆದು ಪೆನ್ಸಿಲಿನಲ್ಲಿ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯಿರಿ. ಹೆಸರು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಬರೆಯಿರಿ. ಒಳ್ಳೆಯ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಆದರೆ ಆಮೇಲೆ ಮೂಲವನ್ನು ಎಸೆಯಬೇಡಿ. ಊರಿಗೆ ಹೋಗುವಾಗ ಫಿಲ್ಮ್ ಒಯ್ದರೆ ಕೈಚೀಲದಲ್ಲೇ ಇಡಿ. ಹೊಸ ಬಗೆಯ ತಪಾಸಣಾ ಯಂತ್ರಗಳಿಂದ ಫಿಲ್ಮ್ ಮಬ್ಬಾಗುತ್ತದೆ. ಕೈಯಲ್ಲೇ ಪರೀಕ್ಷಿಸಿ ಎಂದು ವಿನಯದಿಂದ ಕೇಳಿಕೊಳ್ಳಿ. ಊರಿನಲ್ಲಿ ಅಪ್ಪ ಅಮ್ಮನ ಮದುವೆ ತೆಗೆದ ಸ್ಟುಡಿಯೋ ಇನ್ನೂ ಇದ್ದರೆ ಒಳಗೆ ಹೋಗಿ ಕೇಳಿ. ಇಲ್ಲ ಎನ್ನಬಹುದು. ಆದರೆ ಕೇಳದೆ ಸಿಗುವುದಿಲ್ಲ.

ಸಂಘದ ಮುಂದಿನ ರಾಜ್ಯೋತ್ಸವದ ಕೂಟಕ್ಕೆ ಬರುವಾಗ ಪ್ರತಿಯೊಂದು ಮನೆಯವರೂ ಒಂದೊಂದು ಹಳೆಯ ಚಿತ್ರ, ಸಾಧ್ಯವಾದರೆ ಅದರ ನೆಗೆಟಿವ್ ಸಮೇತ, ಹಿಂದೆ ಹೆಸರು ಮತ್ತು ವರ್ಷ ಬರೆದು ತನ್ನಿ. ನೆಗೆಟಿವ್ ನೋಡುವ ದೀಪದ ಪೆಟ್ಟಿಗೆ, ಭೂತಗನ್ನಡಿ ನಾನು ತರುತ್ತೇನೆ. ಎಲ್ಲರೂ ಸೇರಿ ನೋಡೋಣ.